ಗಣಕೋದ್ಯಮವೂ ಕನ್ನಡ ಕಥನವೂ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ದೇಸೂರವು ಒಂದು ಸಣ್ಣ ನಿಲ್ದಾಣ. ಅದಕ್ಕೆ ಅನತಿದೂರದಲ್ಲಿ, ಮಚ್ಛೆಯ ಜ್ಞಾನಸಂಗಮದಲ್ಲಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ನಾಡಿನ ನೂರಾರು ಇಂಜಿನಿಯರಿಂಗ್ ಕಾಲೇಜುಗಳ ಪದವಿಗಳಿಗೆ ಇಲ್ಲಿಯ ಮುದ್ರೆಯೇ ಪ್ರಮಾಣ. ಆದರೆ ಪದವೀಧರನಿಗೆ ಅನ್ನ ಕೊಡುವ ಊರು ಬಹುಮಟ್ಟಿಗೆ ಬೆಂಗಳೂರು. ಈ ಅಂತರವು ಮನೆಮನೆಯ ಬಾಳನ್ನು ಮಾರ್ಪಡಿಸಿದೆ. ಕನ್ನಡದ ಕಥನಸಾಹಿತ್ಯವು ಇದನ್ನು ಎಷ್ಟರಮಟ್ಟಿಗೆ ಕಂಡಿದೆಯೆಂಬುದು ವಿಚಾರಾರ್ಹವಾದ ಪ್ರಶ್ನೆ.

ಊರು ಬಿಟ್ಟವರ ಕಥೆ ಕನ್ನಡಕ್ಕೆ ಹೊಸದಲ್ಲ. 1940ರ ದಶಕದ ಆರಂಭದಲ್ಲಿ ಹೊರಬಂದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಇಂಗ್ಲಿಷ್ ಕಲಿತ ಲಚ್ಚನು ಕೆಡುತ್ತಾನೆ. ಅವನ ಮಗ ರಾಮನು ಮದರಾಸು, ಮುಂಬಯಿಗಳನ್ನು ಕಂಡು ಕಡಲಂಚಿನ ಊರಿಗೇ ಹಿಂದಿರುಗುತ್ತಾನೆ. ಕೃತಿಯ ಹಿರಿಮೆಯಿರುವುದು ಈ ಹಿಂದಿರುಗುವಿಕೆಯೊಂದರಲ್ಲೇ ಅಲ್ಲ. ಗಂಡುಮಕ್ಕಳ ವಿದ್ಯೆಗೆ ತೆತ್ತ ಬೆಲೆಯನ್ನು ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆಯಲ್ಲಿ ಕಾರಂತರು ಲೆಕ್ಕವಿಟ್ಟು ತೋರಿಸಿದ್ದಾರೆ. ಹಣವು ಯಾರ ಬೆವರಿನಿಂದ ಬಂದು ಯಾರ ಕೈಯಿಂದ ಹೋಯಿತೆಂಬುದು ಅಲ್ಲಿ ಮರೆಯಾಗುವುದಿಲ್ಲ.

2013ರಲ್ಲಿ ಪ್ರಕಟವಾದ ಎರಡು ಕೃತಿಗಳನ್ನು ಇದರೊಡನೆ ಇಟ್ಟು ನೋಡಬಹುದು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಮಸಾಲೆ ವ್ಯಾಪಾರದಿಂದ ಸಿರಿವಂತವಾದ ಬೆಂಗಳೂರಿನ ಮನೆತನವೊಂದರ ಕಥೆ. ಹೊಸ ಹಣವು ಮನೆಯೊಳಗಿನ ನ್ಯಾಯಾನ್ಯಾಯವನ್ನೇ ಬದಲಿಸುವ ಬಗೆಯನ್ನು ಅದು ಅಸಾಧಾರಣ ಸೂಕ್ಷ್ಮತೆಯಿಂದ ಕಾಣಿಸುತ್ತದೆ. ಸಾಫ್ಟ್‌ವೇರ್ ಉದ್ಯೋಗದಲ್ಲಿ ಬಹುಕಾಲವಿದ್ದ ವಸುಧೇಂದ್ರರ 'ಮೋಹನಸ್ವಾಮಿ'ಯಲ್ಲಿ ಸಂಬಳವೂ ನಗರವೂ ಸೇರಿ, ಸಲಿಂಗಪ್ರೇಮಿಯೊಬ್ಬನಿಗೆ ಊರಿನ ಕಣ್ಣುಗಳಿಂದ ದೂರ ಬದುಕುವ ಎಡೆಯನ್ನು ಕೊಡುತ್ತವೆ. ಊರು ಬಿಟ್ಟದ್ದೆಲ್ಲ ನಷ್ಟವೇ ಎಂಬ ಸುಲಭವಾದ ತೀರ್ಮಾನಕ್ಕೆ ಇದು ತಕ್ಕ ಉತ್ತರ. ಆದರೂ ಎರಡೂ ಕೃತಿಗಳ ದೃಷ್ಟಿ ನೆಟ್ಟಿರುವುದು ಮನೆಯ ಮೇಲೆ, ಒಂಟಿ ಮನಸ್ಸಿನ ಮೇಲೆ. ಉದ್ಯಮವನ್ನು ಸುತ್ತುವರಿದ ರಾಜಕಾರಣವು ಹೊಸ್ತಿಲಿನ ಆಚೆಗೇ ಉಳಿಯುತ್ತದೆ.

ಆ ರಾಜಕಾರಣ ಅಲ್ಪವಾದುದಲ್ಲ. ಕನ್ನಡಿಗರಿಗೆ ಉದ್ಯೋಗವೆಂಬ ಬೇಡಿಕೆಯನ್ನು ಕುರಿತು ಸರೋಜಿನಿ ಮಹಿಷಿ ಸಮಿತಿಯು 1986ರಲ್ಲಿ ವರದಿ ಸಲ್ಲಿಸಿತು. 2024ರ ಜುಲೈಯಲ್ಲಿ ರಾಜ್ಯ ಸಂಪುಟವು ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಮೀಸಲಿಡುವ ಮಸೂದೆಯನ್ನು ಒಪ್ಪಿತು. ಉದ್ಯಮಿಗಳ ವಿರೋಧ ಬರಲು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಜನನ, 15 ವರ್ಷಗಳ ವಾಸ, ಕನ್ನಡದ ಓದುಬರಹ, ಇವು ಆ ಮಸೂದೆಯಲ್ಲಿ 'ಸ್ಥಳೀಯ'ನ ಲಕ್ಷಣಗಳು. ಶಾಲೆಯಲ್ಲಿ ಕನ್ನಡವನ್ನು ಕಲಿಯದವನು ಪರೀಕ್ಷೆಗೆ ಕೂಡಬೇಕಾಗಿತ್ತು. ಬೆಂಗಳೂರಿನಲ್ಲಿ ಈ ಮಾತು ಹೊರಗಿನಿಂದ ಬಂದವರನ್ನು ಕುರಿತದ್ದು. ಕನ್ನಡ ಮರಾಠಿಗಳೆರಡೂ ಕೂಡಿ ಬಾಳುವ ದೇಸೂರ-ಖಾನಾಪುರದ ಸೀಮೆಯಲ್ಲಿ ಅದೇ ಮಾತು ನೆರೆಮನೆಯ ಹುಡುಗನನ್ನು ಕುರಿತದ್ದಾಗುತ್ತದೆ. ತಲೆಮಾರುಗಳಿಂದ ಒಂದೇ ಮಣ್ಣನ್ನು ಉತ್ತ ಎರಡು ಮನೆಗಳ ಮಕ್ಕಳು ಒಂದೇ ಪದವಿಯನ್ನು ಹಿಡಿದು ಹೊರಟಾಗ, ಒಬ್ಬನು ಸ್ಥಳೀಯ, ಇನ್ನೊಬ್ಬನು ಪರೀಕ್ಷಾರ್ಥಿ. ನ್ಯಾಯವಾದ ಬೇಡಿಕೆಯೊಂದು ಇಲ್ಲಿ ಎರಡು ಅಲಗಿನ ಕತ್ತಿಯಾಗುತ್ತದೆ. ಕಾಯಿದೆಯು ಬಗೆಹರಿಸಲಾರದ ಇಂತಹ ಸಂಕಟವೇ ಕಾದಂಬರಿಯ ಸಹಜಕ್ಷೇತ್ರ.

ಉದ್ಯಮವನ್ನೇ ಉತ್ತರಕ್ಕೆ ತಂದರೆ ಸಾಕೆಂಬ ವಾದವೂ ಉಂಟು. ಹುಬ್ಬಳ್ಳಿಯಲ್ಲಿ ಇನ್ಫೋಸಿಸ್ ಕೇಂದ್ರವು ದೀರ್ಘಕಾಲದ ನಿರೀಕ್ಷೆಯ ಬಳಿಕ 2022ರಲ್ಲಿ ತೆರೆಯಿತು. ಅಲ್ಲಿಗೆ ವರ್ಗವಾಗಿ ಬರುವ ನೌಕರರಿಗೆ 8 ಲಕ್ಷ ರೂಪಾಯಿಗಳವರೆಗೆ ಪ್ರೋತ್ಸಾಹಧನವನ್ನು ಸಂಸ್ಥೆಯು 2024ರಲ್ಲಿ ಸಾರಬೇಕಾಯಿತು. ಕಟ್ಟಡವನ್ನು ಕಟ್ಟಿದ ಮಾತ್ರಕ್ಕೆ ಊರು ಬಿಟ್ಟವರು ಮರಳುವುದಿಲ್ಲ. ಕಾರಂತರ ರಾಮನನ್ನು ಮರಳಿಸಿದ್ದು ಮಣ್ಣೂ ತಾಯಿಯೂ. ಇಂದಿನ ರಾಮನನ್ನು ಮರಳಿಸುವುದು ಯಾವುದು, ಅಥವಾ ಮರಳದಿರುವುದೇ ಅವನಿಗೆ ಲೇಸೇ? ಮಚ್ಛೆಯ ಮುದ್ರೆಯನ್ನು ಹೊತ್ತು ಹೊರಟವರ ಕಥೆಯನ್ನು ಬರೆಯುವ ಲೇಖಕನು, ಬಿಟ್ಟುಬಂದ ಮನೆಯಲ್ಲಿ ಇಂದು ಯಾರು ದುಡಿಯುತ್ತಿದ್ದಾರೆಂಬುದನ್ನೂ ಕಾರಂತರಂತೆ ಲೆಕ್ಕಕ್ಕೆ ಹಿಡಿಯಬೇಕು.