ಮಾಡಿಗೆ ತೂಗಿದ ಡಬ್ಬಿ

ಮಂಗಳೂರಿನ ಮನೆಗಳಲ್ಲಿ ರೇಡಾನ್ ಎಂಬ, ಮಣ್ಣಿನಿಂದ ಹೊಮ್ಮುವ ವಿಕಿರಣಶೀಲ ಅನಿಲವನ್ನು ಅಳೆಯುವವರು ಮಾಡಿನಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಳಿಬಿಟ್ಟು ಹೋಗುತ್ತಾರೆ. ಸುಮಾರು ಮೂರು ತಿಂಗಳ ಮೇಲೆ ಬಂದು ಬಿಚ್ಚಿಕೊಳ್ಳುತ್ತಾರೆ. ಒಳಗಿರುವುದು ಎಲ್‌ಆರ್-115 ಎಂಬ ಫಿಲ್ಮಿನ ತುಂಡು. ಕರೆಂಟು ಬೇಡ, ಸದ್ದಿಲ್ಲ. ಗಾಳಿಯಲ್ಲಿನ ರೇಡಾನ್ ಹೊಮ್ಮಿಸುವ ಆಲ್ಫಾ ಕಣಗಳು ಅದರ ಮೇಲೆ ಗೀರಿದ ಗುರುತುಗಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಹಿಗ್ಗಿಸಿ ಎಣಿಸುತ್ತಾರೆ. ರೇಡಾನ್ ಮಟ್ಟ ಗಂಟೆಗೊಂದು ಬಗೆ. ಹಾಗಾಗಿ ಒಂದು ದಿನದ ಡಿಜಿಟಲ್ ಮೀಟರಿಗಿಂತ ಈ ಮೂಕ ಫಿಲ್ಮನ್ನೇ ನಾನು ನಂಬುತ್ತೇನೆ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ವರ್ಷಗಳಿಂದ ಈ ಕರಾವಳಿಯ ವಿಕಿರಣ ಅಳೆಯುತ್ತ ಬಂದಿದ್ದಾರೆ. ಇಲ್ಲಿ ಅದು ಸಲೀಸಲ್ಲ. ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಇದೆ, ಮೊನಜೈಟಿನಲ್ಲಿ ಥೋರಿಯಂ, ಥೋರಿಯಂನಿಂದ ಥೋರಾನ್ ಎಂಬ ಇನ್ನೊಂದು ಅನಿಲ ಹುಟ್ಟುತ್ತದೆ. ರೇಡಾನ್ ಅರ್ಧಕ್ಕಿಳಿಯಲು 3.8 ದಿನ ಬೇಕು. ಥೋರಾನಿಗೆ 56 ಸೆಕೆಂಡು ಸಾಕು. ಗೋಡೆಗೆ ತಾಗಿಸಿ ತೂಗಿದರೆ ಥೋರಾನೂ ರೇಡಾನ್ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಡಬ್ಬಿಯಲ್ಲಿ ಎರಡು ಕೋಣೆ, ನಡುವೆ ಸೂಜಿಮೊನೆಯ ರಂಧ್ರಗಳು. ಅವುಗಳಲ್ಲಿ ನುಸುಳುವಷ್ಟರಲ್ಲಿ ಥೋರಾನ್ ಕತೆ ಮುಗಿದಿರುತ್ತದೆ. ಎರಡನೆಯ ಕೋಣೆಗೆ ದಾಟುವುದು ರೇಡಾನ್ ಮಾತ್ರ. ಎಷ್ಟು ಸರಳ, ಎಷ್ಟು ಜಾಣ!

ನನ್ನ ತಕರಾರು ಡಬ್ಬಿಯ ಮೇಲಲ್ಲ, ಅದರಿಂದ ಬರುವ ಅಂಕಿಯನ್ನು ನಾವು ಓದುವ ಬಗೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಘನಮೀಟರಿಗೆ 100 ಬೆಕೆರೆಲ್, ಆಗದಿದ್ದರೆ 300ರೊಳಗೆ ಎಂಬ ಮಟ್ಟ ಇಡೀ ವರ್ಷದ ಸರಾಸರಿ. ಮಂಗಳೂರಿನ ವರ್ಷಕ್ಕೋ ಎರಡು ಮುಖ. ಆಷಾಢದಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಆದರೆ ನೀರು ಕುಡಿದ ಮಣ್ಣು ಅನಿಲವನ್ನು ಸುಲಭಕ್ಕೆ ಬಿಡುವುದೂ ಇಲ್ಲ. ಯಾವುದರ ಕೈ ಮೇಲಾಯಿತೆಂದು ತಿಳಿಯಲು ಅದೇ ಮನೆಯಲ್ಲಿ ನಾಲ್ಕು ಸಲ ಡಬ್ಬಿ ತೂಗಬೇಕು.

ಮನೆಗಳೂ ಬದಲಾದವು. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೆ ಬಂದ ಮಾಡು, ಸಂದುಗಳಲ್ಲಿ ತಾನೇ ಉಸಿರಾಡುತ್ತಿತ್ತು. ಮುರಕಲ್ಲಿನ ಹಂಚಿನ ಮನೆಯ ಅಂಕಿಯನ್ನು ಏಸಿ ಹಾಕಿ ಬಾಗಿಲು ಜಡಿದ ನೆಲಮಹಡಿಯ ಕೋಣೆಗೆ ಹೊಂದಿಸುವುದು ತಪ್ಪು. ಮೇಲಿನ ಮಹಡಿಗಳಿಗೆ ಮಣ್ಣಿನ ಅನಿಲ ಅಷ್ಟಾಗಿ ತಲುಪುವುದಿಲ್ಲ ಎನ್ನುವುದು ಬೇರೆ ಮಾತು.

ಇನ್ನೊಂದಿದೆ. ರೇಡಾನಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಸೇದದವರಿಗಿಂತ ಸೇದುವವರಿಗೆ ಸುಮಾರು 25 ಪಟ್ಟು ಹೆಚ್ಚು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಊರಿದು. ಡಬ್ಬಿ ತೂಗಲು ಬಂದವರು ನೆಲ ರೆಡ್ ಆಕ್ಸೈಡೋ ಗ್ರಾನೈಟೋ ಎಂದು ವಿಚಾರಿಸುವ ಮೊದಲು, ಮನೆಯಲ್ಲಿ ಸೇದುವವರು ಯಾರೆಂದು ಕೇಳಲಿ.