ಹಲ್ಲಿಗೆ ಹಲ್ಲು ಕೂರಿಸುವ ಕೈ

ಎಚ್‌ಪಿಐ ಬಾಹಾ 5ಬಿಯಂಥ 1/5 ಅಳತೆಯ, ಸುಮಾರು 10 ಕಿಲೋ ತೂಗುವ ಪೆಟ್ರೋಲ್ ರಿಮೋಟ್ ಕಾರು ದಿಬ್ಬದಿಂದ ಹಾರಿ, ಚಕ್ರ ಭರ್ರೆಂದು ತಿರುಗುತ್ತಿರುವಾಗಲೇ ನೆಲಕ್ಕೆ ಬಿದ್ದರೆ, ಆ ಏಟು ತಿನ್ನುವುದು ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನೊಳಗಿನ ಪುಟ್ಟ ಬೆವೆಲ್ ಗಿಯರುಗಳು. ಗಟ್ಟಿ ಉಕ್ಕಿನ ಗಿಯರು ಹಾಕಿದರೆ ಮುಗಿಯಿತಲ್ಲ ಎನ್ನುವವರುಂಟು. ಮುಗಿಯುವುದಿಲ್ಲ, ಹೊರೆಗೆ ಕವಚ ತುಸು ಬಾಗಿ ಗಿಯರುಗಳು ದೂರ ಸರಿದರೆ ಎಂಥ ಉಕ್ಕಿನ ಹಲ್ಲೂ ತುದಿಯಲ್ಲಷ್ಟೇ ಕಚ್ಚಿ ಮುರಿಯುತ್ತದೆ. ಕಸುಬು ಇರುವುದು 0.1 ಮಿಲಿಮೀಟರಿನ ಶಿಮ್ಮಿನಲ್ಲಿ. ಈರುಳ್ಳಿ ಸಿಪ್ಪೆಯಂಥ ಆ ಬಿಲ್ಲೆಯನ್ನು ಗಿಯರಿನ ಬೆನ್ನಿಗಿಟ್ಟು ಬೆರಳಲ್ಲಿ ತಿರುಗಿಸುತ್ತಾರೆ: ಕಟಕಟ ಅಂದರೆ ಸಡಿಲ, ಗರಗರ ಅಂದರೆ ಬಿಗಿ, ಸದ್ದಿಲ್ಲದೆ ಜಾರಿದರೆ ಹದ. ಅಲ್ಯೂಮಿನಿಯಂ ಕವಚ, ಗಟ್ಟಿಗೊಳಿಸಿದ ಅಡ್ಡಪಿನ್ನು ಆಮೇಲಿನ ಮಾತು. ಡಿಫರೆನ್ಷಿಯಲ್ಲನ್ನು ಬಲಪಡಿಸಿದರೆ ಏಟು ಡ್ರೈವ್ ಶಾಫ್ಟಿಗೆ ದಾಟುತ್ತದೆ ಎಂಬ ಆಕ್ಷೇಪವೇನೋ ಸರಿ. ದಾಟಲಿ, ಶಾಫ್ಟು ಹೊರಗಿದೆ, ಬೇಗ ಬದಲಿಸಬಹುದು. ಡಿಫರೆನ್ಷಿಯಲ್ ಬಿಚ್ಚಿದರೋ, ಮೊಣಕೈವರೆಗೂ ಸಿಲಿಕೋನ್ ಎಣ್ಣೆ.