ಟಿ ಕೋಶದ ಕೈಚಳಕ

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡನ್ನು ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ರಕ್ತದಲ್ಲಿ ರೋಗದ ವಿರುದ್ಧ ಕಾದಾಡುವ ಟಿ ಕೋಶವೂ ಅಂಥದೇ ಪರೀಕ್ಷಕ. ಬೇರೆ ಕೋಶಗಳು ಒಳಗಿನ ಪ್ರೋಟೀನ್ ಚೂರುಗಳನ್ನು ಮೈಮೇಲೆ ತೋರಿಸುತ್ತವೆ. ಅಪರಿಚಿತ ಚೂರು ಕಂಡರೆ ಟಿ ಕೋಶ ಅದನ್ನು ತೋರಿಸಿದ ಕೋಶವನ್ನೇ ಕೊಲ್ಲುತ್ತದೆ. ಕ್ಯಾನ್ಸರ್ ಕೋಶ ಕೆಲವೊಮ್ಮೆ ಚೂರನ್ನೇ ಬಚ್ಚಿಟ್ಟು ಪಾರಾಗುತ್ತದೆ.

ಅಲ್ಲೇ ಕಾರ್-ಟಿ ಚಿಕಿತ್ಸೆಯ ಜಾಣ್ಮೆ. ರೋಗಿಯದೇ ಟಿ ಕೋಶಗಳನ್ನು ತೆಗೆದು, ವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಮೈಗೆ ಏರಿಸುತ್ತಾರೆ. ಒಂದು ಬಗೆಯಲ್ಲಿ ಅವು, ಚೂರಿಗೆ ಕಾಯದೆ, ಬಿ ಕೋಶ ಎಂಬ ಇನ್ನೊಂದು ಬಗೆಯ ರಕ್ತಕೋಶದ ಮೇಲಿನ ಸಿಡಿ19 ಪ್ರೋಟೀನನ್ನು ನೇರವಾಗಿ ಹಿಡಿಯುತ್ತವೆ. ಬಾರ್ಸಿಲೋನಾದಲ್ಲಿ ರೂಪುಗೊಂಡ ಇಂಥದೊಂದು ಚಿಕಿತ್ಸೆಯನ್ನು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ‘ಕಾರ್ಟೆಮಿ’ ಹೆಸರಿನಲ್ಲಿ ಬಿ ಕೋಶದ ಕ್ಯಾನ್ಸರ್ ಆದ ಕೆಲವು ಬಗೆಯ ಲಿಂಫೋಮಾಕ್ಕೆ ತಂದಿತು.

ತೀವ್ರ ಜ್ವರ, ರಕ್ತದೊತ್ತಡ ಕುಸಿತದ ಅಪಾಯವಿದೆ, ದುಬಾರಿಯೂ ಹೌದು. ಆದರೂ ದೊಡ್ಡಬಳ್ಳಾಪುರದ ರೋಗಿ ಇದಕ್ಕಾಗಿ ವಿದೇಶಕ್ಕೆ ಹೋಗಬೇಕಿಲ್ಲ ಎನ್ನುವುದು ಸಣ್ಣ ಮಾತಲ್ಲ.